ವೇಪ್ ಲೆಕ್ಕವನ್ನೂ ಡಾಕ್ಟರಿಗೆ ಹೇಳಿ
ಸಿಗರೇಟ್ ಜೊತೆ ವೇಪ್ (ಬ್ಯಾಟರಿಯ ಇ-ಸಿಗರೇಟ್) ಕೂಡ ಸೇದುವವರಿಗೆ 'ಮೊದಲು ಸಿಗರೇಟ್ ಬಿಡಿ, ವೇಪ್ ಆಮೇಲೆ ನೋಡೋಣ' ಅಂತ ನೀವು ಸಲಹೆ ಕೊಟ್ಟಿದ್ದೀರಿ. ನಾನು ಒಪ್ಪುವುದಿಲ್ಲ. ಕಾರವಾರದ ಬೈತಕೋಲ ಬಂದರಿನಲ್ಲಿ ಬೋಟ್ ಕೆಲಸ ಮಾಡುವ ನನ್ನ ತಮ್ಮ ಹಾಗೇ ಮಾಡಿದ. ಹತ್ತು ಸಿಗರೇಟ್ ನಾಲ್ಕಕ್ಕೆ ಇಳಿಯಿತು, ವೇಪ್ ಜಾಸ್ತಿಯಾಯಿತು. ಸಿಗರೇಟ್ ಉರಿದು ಮುಗಿಯುತ್ತದೆ. ವೇಪ್ ಎಲ್ಲಿ ಮುಗಿಯುತ್ತದೆ ಅಂತ ಗೊತ್ತೇ ಆಗುವುದಿಲ್ಲ ಅಲ್ವಾ? 2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷೇಧ. ಆ ಹೆದರಿಕೆಗೆ ಅವನು ಡಾಕ್ಟರ ಹತ್ತಿರ ಬಾಯಿಬಿಡಲಿಲ್ಲ, ಹಾಗಾಗಿ ಚಟ ಬಿಡಿಸಲು ಅವರು ಕೊಟ್ಟ ನಿಕೋಟಿನ್ ಗಮ್ ಸಾಲಲಿಲ್ಲ. ಎರಡನ್ನೂ ಹೇಳಿದ ಮೇಲೆ ಗಮ್ ಲೆಕ್ಕ ಸರಿಹೋಯಿತು. ಅದನ್ನು ಸುಮ್ನೆ ಚ್ಯೂಯಿಂಗ್ ಗಮ್ ಥರ ಅಗಿಯಬಾರದು. ಸ್ವಲ್ಪ ಜಗಿದು, ಖಾರ ಬಂದಾಗ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ 1800-11-2356. ಫೋನ್ ಮಾಡಿದಾಗ ವೇಪ್ ವಿಷಯವನ್ನೂ ದಯವಿಟ್ಟು ಮುಚ್ಚಿಡಬೇಡಿ.