ಆಷಾಢ ಅಂತ ಊರಿನ ಕುರ್ಚಿ ಖಾಲಿ ಬಿಡಬೇಕಾ?

ಚಿಕ್ಕಪ್ಪನ ಮಗ ಗ್ರಾಮ ಪಂಚಾಯಿತಿ ಅಧ್ಯಕ್ಷನಾದ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ತುಂಬಾ ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಅವನಿನ್ನೂ ಕುರ್ಚಿಯಲ್ಲಿ ಕೂತೇ ಇಲ್ಲ. ಆಷಾಢ ಕಳೆಯಲಿ, ಶ್ರಾವಣದಲ್ಲಿ ಪೂಜೆ ಮಾಡಿಸಿಯೇ ಕೂರುತ್ತೇನೆ ಅಂದನಂತೆ. ನಮ್ಮ ಬೀದಿಯ ಬೋರ್‌ವೆಲ್ ಮೋಟಾರು ಸುಟ್ಟುಹೋಗಿದೆ, ರಿಪೇರಿ ಬಿಲ್ಲಿಗೆ ಸಹಿ ಹಾಕುವವರಿಲ್ಲ, ಅಮ್ಮ ಈ ವಯಸ್ಸಿನಲ್ಲಿ ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಲ್ಲುತ್ತಿದ್ದಾಳೆ. ನನಗೆ ಸಿಟ್ಟು ಬಂತು.

ನಾನಿರುವುದು ಮೇರಿಲ್ಯಾಂಡಿನಲ್ಲಿ, ವಾಷಿಂಗ್ಟನ್ ಪಕ್ಕ. ಇಲ್ಲಿ ಅಧ್ಯಕ್ಷರ ಅವಧಿ ಜನವರಿ 20ರ ಮಧ್ಯಾಹ್ನ 12ಕ್ಕೆ ಶುರು. ಸಂವಿಧಾನದಲ್ಲೇ ಬರೆದಿದೆ. ಮೊದಲು ಮಾರ್ಚ್ 4 ಇತ್ತು, 1933ರಲ್ಲಿ ತಿದ್ದುಪಡಿ ಮಾಡಿದರು. ಭಾನುವಾರ ಬಂದರೆ ಮೆರವಣಿಗೆ, ಭಾಷಣ ಸೋಮವಾರಕ್ಕೆ ಹೋಗುತ್ತವೆ, ಪ್ರಮಾಣ ಮಾತ್ರ ಭಾನುವಾರವೇ ಮುಗಿದಿರುತ್ತದೆ, 2013ರಲ್ಲಿ ಒಬಾಮಾ ಅವರದ್ದು ಹಾಗೇ ಆಯಿತು. 2025ರಲ್ಲಿ ಚಳಿ ಜಾಸ್ತಿ ಅಂತ ಸಮಾರಂಭವನ್ನು ಕ್ಯಾಪಿಟಲ್ ಕಟ್ಟಡದ ಒಳಗೆ ತಂದರು, ದಿನ ಬದಲಾಗಲಿಲ್ಲ. 2021ರಲ್ಲಿ ಅದು ಬುಧವಾರ. ಬುಧವಾರ ಹನ್ನೆರಡಕ್ಕೆ ನಮ್ಮ ಗೋಡೆ ಕ್ಯಾಲೆಂಡರು ರಾಹುಕಾಲ ಅನ್ನುತ್ತದೆ. ಬೈಡನ್ ಅವಧಿ ಶುರುವಾದದ್ದೇ ಆಗ.

1923ರ ಆಗಸ್ಟಿನಲ್ಲಿ ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡಾಗ ಉಪಾಧ್ಯಕ್ಷ ಕೂಲಿಜ್ ವರ್ಮಾಂಟಿನಲ್ಲಿ ಅಪ್ಪನ ಹಳ್ಳಿಮನೆಯಲ್ಲಿದ್ದರು. ರಾತ್ರಿ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ಅಪ್ಪನೇ ಮಗನಿಗೆ ಪ್ರಮಾಣ ಬೋಧಿಸಿದರು. ಬೆಳಗಾಗಲಿ ಅಂತ ಕೂಡ ಕಾಯಲಿಲ್ಲ, ನೋಡಿ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಗೃಹಪ್ರವೇಶಕ್ಕೆ ಮುಹೂರ್ತ ನೋಡಲಿ, ಅದು ಅವರವರ ಮನೆ. ಪಂಚಾಯಿತಿ ಕುರ್ಚಿ ಊರಿನದು, ಅಲ್ವಾ?

ಹಾಗಂತ ಇಲ್ಲಿನದೆಲ್ಲ ಚೆನ್ನ ಅಂತ ಹೇಳೋಕೆ ಆಗಲ್ಲ. ನವೆಂಬರಿನಲ್ಲಿ ಗೆದ್ದವರು ಜನವರಿವರೆಗೆ ಕಾಯಬೇಕು. ನಮ್ಮಲ್ಲಿ 2023ರ ಮೇ 13ಕ್ಕೆ ಫಲಿತಾಂಶ ಬಂತು, 20ಕ್ಕೆ ಸಿದ್ದರಾಮಯ್ಯ ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣ ಸ್ವೀಕರಿಸಿದ್ದೂ ಆಯಿತು. 2021ರಲ್ಲಿ ಇಲ್ಲಿ ಇಳಿದುಹೋಗುವ ಅಧ್ಯಕ್ಷರು ಸಮಾರಂಭಕ್ಕೇ ಬರಲಿಲ್ಲ. ನಮ್ಮ ರಾಷ್ಟ್ರಪತಿಗಳ ವಿಷಯದಲ್ಲಿ ಹಳಬರು, ಹೊಸಬರು ಒಟ್ಟಿಗೇ ಸಂಸತ್ತಿಗೆ ಬರುತ್ತಾರೆ, ಪ್ರಮಾಣ ಮುಗಿದ ಮೇಲೆ ಕುರ್ಚಿ ಬದಲಾಯಿಸಿಕೊಳ್ಳುತ್ತಾರೆ, ನೋಡೋಕೆ ಎಷ್ಟು ಚೆನ್ನ. ಅಲ್ಲೂ 1977ರಿಂದ ಜುಲೈ 25 ತಪ್ಪಿಲ್ಲ. 2022ರಲ್ಲಿ ದ್ರೌಪದಿ ಮುರ್ಮು ಅವರು ಪ್ರಮಾಣ ಸ್ವೀಕರಿಸಿದಾಗ ಭೀಮನ ಅಮಾವಾಸ್ಯೆಗೆ ಇನ್ನೂ ಮೂರು ದಿನ ಇತ್ತು. ಪಕ್ಕಾ ಆಷಾಢ. ಶ್ರಾವಣ ಬರಲಿ ಅಂತ ದೆಹಲಿಯಲ್ಲಿ ಯಾರೂ ಕಾಯಲಿಲ್ಲ.