ರಾಜಿಯಾದರೆ ಇಬ್ಬರಿಗೂ ದುಃಖವೇ? ಸತ್ಯಾಂಶ

‘ರಾಜಿ ಅಂದ್ರೆ ಇಬ್ಬರೂ ಸೋಲೋದು. ರಾಜಿ ಮಾಡಿಕೊಂಡವರು ಯಾವತ್ತೂ ಸುಖವಾಗಿರಲ್ಲ.’ ಇಂಥ ಒಂದು ಫಾರ್ವರ್ಡ್ ಮೆಸೇಜ್ ಓಡಾಡುತ್ತಿದೆ. ಅದರಲ್ಲಿ ಸ್ವಲ್ಪ ನಿಜ ಇದೆ, ಉಳಿದದ್ದು ಸುಮ್ನೆ ಎಳೆದಿದ್ದು.

ಕೇಳಿದ್ದು ಪೂರ್ತಿ ಸಿಗದಿದ್ದರೆ ಒಂಚೂರು ಅಸಮಾಧಾನ ಆಗೇ ಆಗುತ್ತದೆ. ಆದರೆ ಅದು ಆ ಒಂದು ವಿಷಯಕ್ಕೆ ಮಾತ್ರ. ಬದುಕೇ ಬೇಸರ ಅನ್ನಿಸುವುದು ಬೇರೆ ಮಾತು.

2006ರಲ್ಲಿ ಅಮೆರಿಕದ ಸಂಶೋಧಕರಾದ ಶೀನಾ ಅಯ್ಯಂಗಾರ್, ರೇಚಲ್ ವೆಲ್ಸ್ ಮತ್ತು ಬ್ಯಾರಿ ಶ್ವಾರ್ಟ್ಸ್ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲಕ್ಕಿಂತ ಒಳ್ಳೆಯದೇ ಬೇಕು ಎಂದು ಹುಡುಕಿದವರಿಗೆ ಸುಮಾರು ಶೇ 20ರಷ್ಟು ಜಾಸ್ತಿ ಸಂಬಳ ಸಿಕ್ಕಿತ್ತು. ಆದರೂ ‘ಇಷ್ಟಾದರೆ ಸಾಕು’ ಎಂದವರಿಗಿಂತ ಇವರಿಗೇ ತೃಪ್ತಿ ಕಡಿಮೆ! ವಿಚಿತ್ರ ಅಲ್ವಾ? ಇದು ನಮ್ಮೊಂದಿಗೆ ನಾವೇ ಮಾಡಿಕೊಳ್ಳುವ ರಾಜಿಯ ಕಥೆ.

ಇನ್ನು ಇಬ್ಬರ ಜಗಳಕ್ಕೆ ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರಲ್ಲಿ ಕೊಟ್ಟ ಉದಾಹರಣೆ ನನಗಿಷ್ಟ. ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆ. ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಅರ್ಧ ತೆರೆದಿದ್ದರೆ ಇಬ್ಬರೂ ಗೊಣಗುತ್ತಿದ್ದರೇನೋ. ಅದರ ಬದಲು, ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಒಬ್ಬರಿಗೆ ಗಾಳಿ ಬಂತು. ಫಾಲೆಟ್‌ಗೆ ಬೇಡವಾಗಿದ್ದು ಮೈಮೇಲೆ ನೇರವಾಗಿ ಬೀಸುವ ಗಾಳಿ, ಅದು ತಪ್ಪಿತು. ಇದನ್ನು ಫಾಲೆಟ್ ರಾಜಿ ಅನ್ನಲಿಲ್ಲ, ಅದಕ್ಕಿಂತ ಒಳ್ಳೆಯ ದಾರಿ ಎಂದರು. ಅರ್ಧಂಬರ್ಧ ಬಿಟ್ಟುಕೊಟ್ಟರೆ ಜಗಳ ಮತ್ತೆ ತಲೆಯೆತ್ತುತ್ತದೆ ಎಂಬುದು ಅವರ ವಾದ. ಮೆಸೇಜಿನಲ್ಲಿರುವ ನಿಜ ಇಷ್ಟೇ.

ಇನ್ನು ಪ್ರತಿ ಸಲವೂ ಒಬ್ಬರೇ ಸೋಲುತ್ತಿದ್ದರೆ? ಅದಕ್ಕೆ ರಾಜಿ ಅನ್ನುವ ಹೆಸರೇ ತಪ್ಪು.