ಫೈರ್ ಇಂಜಿನ್ ತಡವಾಗಿ ಬಂತಂತೆ!

ಬಂತಂತೆ. ಮೊನ್ನೆ ರಾತ್ರಿಯಿಂದ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೊಂದೇ ಮಾತು. ಪಕ್ಕದ ಅಡ್ಡರಸ್ತೆಯ ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹೊಗೆ ಇನ್ನೂ ಕರಗಿರಲಿಲ್ಲ, ಆಗಲೇ ‘ಈ ಊರಿನಲ್ಲಿ ಯಾವುದೂ ಸರಿಯಿಲ್ಲ’ ಎಂಬ ಸಂದೇಶಗಳು ಶುರುವಾದವು. ಹಾಗೆ ಬರೆದವರಲ್ಲಿ ಒಬ್ಬ ಮಹನೀಯರ ಕಾರು ಬೆಳ್ಳಿ ಬಣ್ಣದ ಹೊದಿಕೆ ಹೊದ್ದು ಅದೇ ಅಡ್ಡರಸ್ತೆಯ ತಿರುವಿನಲ್ಲಿ ವರ್ಷವಿಡೀ ಮಲಗಿರುತ್ತದೆ. ಇಂಜಿನ್ ಸಿಕ್ಕಿಹಾಕಿಕೊಂಡದ್ದು ಅಲ್ಲಿಯೇ. ನಾಲ್ಕು ಜನ ಸೇರಿ ಅದನ್ನು ತಳ್ಳಿ ಸರಿಸುವಾಗ ಅವರು ಮೇಲಿನ ಬಾಲ್ಕನಿಯಲ್ಲಿ ನಿಂತು ವಿಡಿಯೊ ಮಾಡುತ್ತಿದ್ದರು. ‘ಗೀರು ಬಿದ್ದೀತು, ಹುಷಾರು’ ಎಂದೂ ಕೂಗಿದರು.

ನನಗೇಕೆ ಇಷ್ಟು ಉರಿ ಎಂದು ಹಳೆಯ ಸ್ನೇಹಿತರು ಕೇಳುವುದಿಲ್ಲ. ಅಪ್ಪ ನಿವೃತ್ತರಾಗುವವರೆಗೂ ಓಡಿಸಿದ್ದು ಆ ಕೆಂಪು ಗಾಡಿಯನ್ನೇ. ಠಾಣೆಯಲ್ಲಿ ಗಂಟೆ ಹೊಡೆದರೆ ತಟ್ಟೆಯ ಮುಂದೆ ಕುಳಿತವರು ಕೈ ತೊಳೆಯದೆ ಓಡುತ್ತಿದ್ದರು. ಮೊನ್ನೆ ಇಂಜಿನ್ ನಿಂತ ಕೂಡಲೇ ಒಬ್ಬರು ಚಾಲಕರ ಮೇಲೆ ಹರಿಹಾಯ್ದರು: ‘ಏನ್ರೀ, ಎಲ್ಲ ಸುಟ್ಟ ಮೇಲೆ ಬರುತ್ತೀರಾ?’ ಅವರು ಉತ್ತರ ಕೊಡಲಿಲ್ಲ. ಅಪ್ಪನೂ ಕೊಡುತ್ತಿರಲಿಲ್ಲ. ಆ ಬಾಕಿಯನ್ನು ನಾನಿಲ್ಲಿ ತೀರಿಸುತ್ತಿದ್ದೇನೆ ಎಂದುಕೊಳ್ಳಿ.

ತಡವಾಯಿತು ಎನ್ನುವವರು ಯಾವ ಗಳಿಗೆಯಿಂದ ಲೆಕ್ಕ ಹಾಕುತ್ತಾರೆ? ಹೊಗೆ ಕಂಡ ಗಳಿಗೆಯಿಂದ. ಠಾಣೆಯವರಿಗೆ ವಿಷಯ ತಿಳಿಯುವುದು ಕರೆ ಹೋದ ಮೇಲೆ. ಈ ಎರಡರ ನಡುವೆ ನಮ್ಮ ಜನ ಏನು ಮಾಡುತ್ತಿದ್ದರು ಎಂಬುದಕ್ಕೆ ಅವರೇ ಹಂಚಿದ ವಿಡಿಯೊ ಸಾಕ್ಷಿ. ಅದರಲ್ಲಿ ಒಂದು ಧ್ವನಿ ಸ್ಪಷ್ಟವಾಗಿ ಕೇಳುತ್ತದೆ: ‘ಯಾರಾದರೂ ಫೋನ್ ಮಾಡಿದ್ದೀರಾ?’ ಫೋನನ್ನು ಕೈಯಲ್ಲೇ ಹಿಡಿದು ಕೇಳಿದ ಪ್ರಶ್ನೆ ಅದು. ಇನ್ನೊಬ್ಬರು ಗುಂಪಿನಲ್ಲಿ ‘ಫೈರ್ ಸ್ಟೇಷನ್ ನಂಬರ್ ಇದ್ದರೆ ಕಳುಹಿಸಿ’ ಎಂದು ಬರೆದಿದ್ದಾರೆ. 101 ಎಂಬ ಮೂರು ಅಂಕಿಗಳನ್ನು ನಾವು ಶಾಲೆಯಲ್ಲಿ ಕಲಿತಿಲ್ಲವೇ? ಅದು ಮರೆತರೆ 112 ಇದೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ.

ಲೆಕ್ಕವನ್ನೇ ನೋಡೋಣ. ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ ಅಗ್ನಿಶಾಮಕ ದಳಗಳಿಗೆಂದು ಮಾಡಿದ ಎನ್‌ಎಫ್‌ಪಿಎ 1710 ಎಂಬ ಮಾನದಂಡವಿದೆ. ಬೆಂಕಿಯ ಕರೆ ಠಾಣೆ ತಲುಪಿದ ಮೇಲೆ ಸಿಬ್ಬಂದಿ ಸಜ್ಜಾಗಿ ಗಾಡಿ ಹತ್ತಲು 80 ಸೆಕೆಂಡ್, ಮೊದಲ ಇಂಜಿನ್ ದಾರಿ ಸವೆಸಲು 240 ಸೆಕೆಂಡ್. ಅದೂ ಸರಾಸರಿ ಲೆಕ್ಕವಲ್ಲ, ನೂರರಲ್ಲಿ ತೊಂಬತ್ತು ಕರೆಗಳಿಗೆ ಈ ಮಾತು ನಡೆಯಬೇಕು. (ಸರಾಸರಿ ಹಿಡಿದರೆ ಠಾಣೆಯ ಎದುರು ಮನೆಯವನ ಅದೃಷ್ಟ ಊರಾಚೆಯವನ ಖಾತೆಗೂ ಜಮೆಯಾಗುತ್ತದೆ.) ನಮ್ಮ ದೇಶದ ನಗರಗಳಿಗೆ ಇಟ್ಟುಕೊಂಡಿರುವ ಗುರಿ 5ರಿಂದ 7 ನಿಮಿಷ. ಈ ಇಡೀ ಲೆಕ್ಕದಲ್ಲಿ ಸಿಬ್ಬಂದಿಯ ಪೂರ್ತಿ ಕೈಯಲ್ಲಿರುವುದು ಬೂಟು ಮೆಟ್ಟಿ ಗಾಡಿ ಹತ್ತುವ ಆ 80 ಸೆಕೆಂಡ್ ಮಾತ್ರ. ಮಿಕ್ಕ ದಾರಿ ನಮ್ಮದು. ಬೆಳ್ಳಿ ಹೊದಿಕೆಯ ಕಾರೂ ನಮ್ಮದೇ.

ಬೆಂಕಿಯಂತೂ ಯಾರಿಗೂ ಕಾಯುವುದಿಲ್ಲ. ಹಳೆಯ ಕಾಲದ ಮರದ ಕುರ್ಚಿ, ಹತ್ತಿಯ ಹಾಸಿಗೆಯ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಫೋಮ್ ಸೋಫಾ, ಸಿಂಥೆಟಿಕ್ ಪರದೆಗಳ ಈಗಿನ ಕೋಣೆಗೆ ಐದು ನಿಮಿಷವೂ ಬೇಡವೆಂದು ಪ್ರಯೋಗಗಳು ತೋರಿಸಿವೆ. ಕಂತಿನಲ್ಲಿ ಸೋಫಾ ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಹೊಟ್ಟೆ ಉರಿಸುವಂಥದ್ದು. ಫೆಬ್ರುವರಿ ಬಂತೆಂದರೆ ಖಾಲಿ ಸೈಟಿನ ಒಣಹುಲ್ಲಿಗೆ, ಕಸದ ರಾಶಿಗೆ, ಗುಡಿಸಿಟ್ಟ ತರಗೆಲೆಗೆ ಬೆಂಕಿ ಬೀಳುತ್ತದೆ. ತಾನಾಗಿ ಬೀಳುವುದಿಲ್ಲ, ಯಾರೋ ಕಡ್ಡಿ ಗೀರಿ ಹೋಗಿರುತ್ತಾರೆ. ಅದನ್ನು ಆರಿಸಲೂ ಅದೇ ಠಾಣೆಯ ಅದೇ ಇಂಜಿನ್ ಹೋಗಬೇಕು. ಮರ ಬಿದ್ದರೂ, ಲಿಫ್ಟಿನಲ್ಲಿ ಸಿಲುಕಿದರೂ, ಹಸು ಬಾವಿಗೆ ಬಿದ್ದರೂ, ಗಾಳಿಪಟದ ಮಾಂಜಾ ದಾರಕ್ಕೆ ಹದ್ದು ಸಿಕ್ಕಿಕೊಂಡರೂ ಕರೆ ಹೋಗುವುದು ಅವರಿಗೇ. ಹತ್ತಿರದ ಗಾಡಿ ಕಸಕ್ಕೆ ನೀರು ಹೊಡೆಯುತ್ತಿರುವಾಗ ನಿಮ್ಮ ಮನೆ ಹೊತ್ತಿಕೊಂಡರೆ ಮುಂದಿನ ಠಾಣೆಯಿಂದ ಬರಬೇಕು. ಅಲ್ಲಿಂದ ಇಲ್ಲಿಗೆ ಎಷ್ಟು ಸಿಗ್ನಲ್ ಎಂದು ನೀವೇ ಎಣಿಸಿಕೊಳ್ಳಿ. ನಮ್ಮ ಬಡಾವಣೆಯಲ್ಲೇ ಭಾನುವಾರ ಬೆಳಿಗ್ಗೆ ತರಗೆಲೆ ಸುಡುವವರಿದ್ದಾರೆ. ‘ಸೊಳ್ಳೆ ಹೋಗುತ್ತದೆ ಸರ್’ ಎನ್ನುತ್ತಾರೆ.

ದೀಪಾವಳಿಯ ಮಾತು ಬೇಡ. ಆ ರಾತ್ರಿ ಅಪ್ಪ ಮನೆಯಲ್ಲಿದ್ದ ನೆನಪೇ ನನಗಿಲ್ಲ. ಪಟಾಕಿ ಹಚ್ಚುವ ಮಕ್ಕಳನ್ನು ಕಂಡರೆ ಚಿಕ್ಕಂದಿನಲ್ಲಿ ನನಗೆ ದ್ವೇಷವಿತ್ತು. ಈಗಲೂ ಪೂರ್ತಿ ಹೋಗಿಲ್ಲ.

ಇಷ್ಟು ಹೊತ್ತಿಗೆ ಯಾರಾದರೂ ‘ಠಾಣೆಗಳೇ ಕಡಿಮೆ ಇವೆ, ಸರ್ಕಾರವನ್ನು ಕೇಳಿ’ ಎಂದು ಟೈಪ್ ಮಾಡಲು ಶುರುಮಾಡಿರುತ್ತಾರೆ. ಒಪ್ಪಿದೆ. ಊರು ಬೆಳೆದ ವೇಗಕ್ಕೆ ಠಾಣೆಗಳು ಬೆಳೆದಿಲ್ಲ, ಕೇಳಲೇಬೇಕು. ಆದರೆ 2023ರಲ್ಲಿ ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಏರುವ ಏಣಿಯ ವಾಹನವೇ ಬಂತಲ್ಲ! ಅಷ್ಟು ದೊಡ್ಡ ಗಾಡಿ ಬಂದು ಕಾಲು ಚಾಚಿ ನಿಲ್ಲಲು ನಮ್ಮ ಅಡ್ಡರಸ್ತೆಯಲ್ಲಿ ಜಾಗ ಎಲ್ಲಿದೆ ಸ್ವಾಮಿ? ಎತ್ತರದ ಕಟ್ಟಡದ ಸುತ್ತ 6 ಮೀಟರ್ ಜಾಗ ತೆರವಾಗಿರಬೇಕು, ಅಲ್ಲಿನ ನೆಲ 45 ಟನ್ನಿನ ಗಾಡಿಯ ಭಾರ ತಡೆಯಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಾವು ಆ ಜಾಗದಲ್ಲಿ ಹೂಕುಂಡ ಇಟ್ಟು, ಅತಿಥಿಗಳ ಪಾರ್ಕಿಂಗ್ ಎಂದು ಬಿಳಿ ಗೆರೆ ಎಳೆದಿದ್ದೇವೆ. ಹತ್ತು ಹೊಸ ಠಾಣೆ ಕಟ್ಟಿದರೂ ಆ ಗೆರೆ ಅಳಿಸಲು ಠಾಣೆಯವರು ಬರುವುದಿಲ್ಲ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾಗದೆ ಕಿಟಕಿಯಿಂದ ಹಾರಿದವರಿದ್ದರು. ಹೊರಬರುವ ದಾರಿಗಳಿಗೇ ತಡೆ ಇತ್ತು. ಅಂದು ಟಿವಿಯ ಮುಂದೆ ಮರುಗಿದ ನಾವು ಈಗ ನಮ್ಮ ಅಪಾರ್ಟ್‌ಮೆಂಟಿನ ತುರ್ತು ಮೆಟ್ಟಿಲಿನಲ್ಲಿ ಹಳೆಯ ಸೈಕಲ್, ಒಡೆದ ಟೀಪಾಯಿ, ಗಣೇಶನ ಮಂಟಪದ ಸಾಮಾನು ಪೇರಿಸಿದ್ದೇವೆ. ಅದನ್ನು ತೆಗೆಯಿರಿ ಎಂದರೆ ‘ಮಗಳ ಮದುವೆ ಮುಗಿಯಲಿ’ ಎನ್ನುತ್ತಾರೆ.

ಕಾನೂನು ಇಲ್ಲವೆಂದಲ್ಲ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ ಸೇರಿಸಿದ್ದಾರೆ. ದಂಡ ಕಟ್ಟಿದವರನ್ನು ನಾನು ಕಂಡಿಲ್ಲ. ಸೈರನ್ ಕೇಳಿ ಪಕ್ಕಕ್ಕೆ ಸರಿದು, ಇಂಜಿನ್ ದಾಟಿದ ಮೇಲೆ ಅದರ ಬಾಲ ಹಿಡಿದು ನುಗ್ಗುವ ಬೈಕುಗಳನ್ನು ಮಾತ್ರ ದಿನವೂ ಕಾಣುತ್ತೇನೆ.

ಆ ಮಹನೀಯರ ಹೆಸರನ್ನು ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಅವರಿಗೆ ಹೇಳಬೇಕಾದ್ದನ್ನು ಮುಖದೆದುರೇ ಹೇಳಿದ್ದೇನೆ, ಈಗ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಭಾನುವಾರ ನಿವಾಸಿಗಳ ಸಂಘದ ಸಭೆಯಿದೆ. ಬಡಾವಣೆಯ ಪ್ರವೇಶಕ್ಕೆ ಹೊಸ ಕಮಾನು ಕಟ್ಟಿಸುವ ವಿಚಾರವಂತೆ. ಬಣ್ಣ ಯಾವುದು, ಯಾರ ಹೆಸರು ಕೆತ್ತಬೇಕು ಎಂದು ಆಗಲೇ ಜಗಳ ಶುರುವಾಗಿದೆ. ನಾನು ಅಳತೆ ಟೇಪು ಹಿಡಿದುಕೊಂಡೇ ಹೋಗುತ್ತೇನೆ.